ಹದಿನಾಲ್ಕನೇ ನಂಬರಿಗೆ ಬಂದ ಬುಟ್ಟಿ

ನಮ್ಮ ಶೇಷಗಿರಿಯವರು ಕಳೆದ ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಕಾರುಗಳನ್ನು ಟೋ ಲಾರಿ ಕರೆಸಿ ಎಳೆಸಿದ್ದಾರೆ. ಆ ಹನ್ನೊಂದರಲ್ಲಿ ಒಂದು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಯಾರೂ ನನ್ನನ್ನು ಪಕ್ಷಪಾತಿ ಎನ್ನಬಾರದು.

ಅಮೆರಿಕದ ಸ್ಯಾನ್ ಮಟಿಯೋದಲ್ಲಿ ಅವರ ಮನೆ ಇರುವುದು ಇಪ್ಪತ್ತಾರು ಮನೆಗಳ ಒಂದು ಕಾಂಪ್ಲೆಕ್ಸಿನಲ್ಲಿ. ಹೊರಗಿನಿಂದ ಬಂದವರಿಗೆ ಅಲ್ಲಿ ಆರೇ ಆರು ಪಾರ್ಕಿಂಗ್ ಜಾಗ, ಅದೂ ಎರಡು ಗಂಟೆಯ ಮಟ್ಟಿಗೆ. ಈ ಆರು ಜಾಗಗಳ ಮೇಲೆ ಕಣ್ಣಿಡಲು ನಿವಾಸಿಗಳ ಸಂಘ ಒಂದು ಸಮಿತಿ ಮಾಡಿದೆ. ಸಮಿತಿಯಲ್ಲಿ ಅಧ್ಯಕ್ಷರನ್ನು ಬಿಟ್ಟರೆ ಬೇರೆ ಸದಸ್ಯರಿಲ್ಲ. ಆ ಅಧ್ಯಕ್ಷರೇ ಶೇಷಗಿರಿಯವರು. ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ದುಡಿದರೂ ಅವರ ಕೈಕೆಳಗೆ ಯಾರೂ ಬರಲಿಲ್ಲ. ಇಲ್ಲಿ ಬಂದ ಮೊದಲ ವಾರವೇ ಆರು ಜಾಗಗಳು ಬಂದವು.

ನನ್ನ ಕಾರನ್ನು ಅವರು ಎಳೆಸಿದ್ದು ಅವರದೇ ಮನೆಯ ಸತ್ಯನಾರಾಯಣ ಪೂಜೆಯ ದಿನ. ಕಥೆ ಐದನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ನನ್ನ ಎರಡು ಗಂಟೆ ಮುಗಿದಿತ್ತಂತೆ. ಮಂಗಳಾರತಿ ಕಣ್ಣಿಗೊತ್ತಿಕೊಳ್ಳುತ್ತ ಅವರು ಗಡಿಯಾರ ನೋಡಿದ್ದನ್ನು ನಾನೇ ಕಂಡಿದ್ದೆ, ಭಕ್ತಿ ಎಂದುಕೊಂಡೆ. ಪ್ರಸಾದದ ದೊನ್ನೆ ಹಿಡಿದು ಹೊರಗೆ ಬಂದರೆ ಕಾರು ಇಲ್ಲ. "ಸುರೇಶ್ ಅವ್ರೇ, ಬೇಜಾರ್ ಮಾಡ್ಕೋಬೇಡಿ, ಸ್ನೇಹ ಬೇರೆ, ರೂಲ್ಸು ಬೇರೆ" ಎಂದರು ಶೇಷಗಿರಿಯವರು. ಆಮೇಲೆ ಇನ್ನೊಂದು ದೊನ್ನೆ ಪ್ರಸಾದ ಕೊಟ್ಟರು.

ಅಧ್ಯಕ್ಷ ಪದವಿ ಅವರಿಗೆ ಮನೆಯ ಜೊತೆಯಲ್ಲೇ ಬಂದದ್ದು. ಆ ಮನೆಯನ್ನು, ಅಂದರೆ ಹದಿನಾಲ್ಕನೇ ನಂಬರನ್ನು, ಮಾರಿದವರು ಹರ್ಷೆಲ್ ಕಾಪ್ಲನ್ ಎಂಬ ಯಹೂದಿ ಮುದುಕರು. ಹೆಂಡತಿ ತೀರಿಕೊಂಡ ಮೇಲೆ ವಾಲ್ನಟ್ ಕ್ರೀಕಿನಲ್ಲಿ ವಯಸ್ಸಾದವರೇ ಇರುವ ಬಡಾವಣೆಯೊಂದಕ್ಕೆ ಹೊರಟಿದ್ದರು. ಹೋಗುವಾಗ ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದು ಕೈಯಲ್ಲಿ ಪಾರ್ಕಿಂಗಿನ ಫೈಲು ಕೊಟ್ಟರು. ಎಳೆಸಿದ ಕಾರುಗಳ ನಂಬರೆಲ್ಲ ಅದರಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದವು. ಆದರೆ ಪಟ್ಟಿ ಆರು ವರ್ಷದ ಹಿಂದೆ ಒಂದು ನೀಲಿ ಕಾರಿಗೆ ನಿಂತುಹೋಗಿತ್ತು. ಅಲ್ಲಿಂದ ಮನೆ ಮಾರುವವರೆಗೆ ಆ ಮನುಷ್ಯ ಒಂದೇ ಒಂದು ಕಾರನ್ನೂ ಎಳೆಸಿರಲಿಲ್ಲ. ಶೇಷಗಿರಿಯವರು ಇದನ್ನು ಮುದಿತನದ ಸೋಮಾರಿತನ ಎಂದು ತೀರ್ಮಾನಿಸಿ, ಸಮಿತಿಗೆ ಮರುಜೀವ ಕೊಟ್ಟರು.

ಮಾರ್ಚ್ ತಿಂಗಳ ಮೊದಲ ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಶೇಷಗಿರಿಯವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವರ ಹೆಂಡತಿ, ಇಂದು ಎಂಬ ಹೆಸರಿನವರು, ತಾವೂ ಊಟದ ಮೇಜಿನ ಮೇಲೆ ತಮ್ಮ ಲ್ಯಾಪ್‌ಟಾಪು ತೆರೆದು ಕೂತಿದ್ದರು. ಬಾಗಿಲ ಗಂಟೆ ಹೊಡೆಯಿತು. ಇಂದು ಫೋನಿನಲ್ಲಿ ಬಾಗಿಲ ಕ್ಯಾಮೆರಾ ನೋಡಿದರು.

"ರೀ, ಬಾಗ್ಲಿಗೆ ಜಿರಾಫೆ ಬಂದಿದೆ."

"ನಾನು ಮೀಟಿಂಗಲ್ಲಿದೀನಿ" ಎಂದರು ಶೇಷಗಿರಿಯವರು.

ಇಂದು ಹೋಗಿ ಬಾಗಿಲು ತೆರೆಯುವಷ್ಟರಲ್ಲಿ ಜಿರಾಫೆ ಕಾರು ಹತ್ತಿ ಹೊರಟುಹೋಗಿತ್ತು. ಹೊಸ್ತಿಲ ಮುಂದೆ ಬಣ್ಣದ ಕಾಗದ ಸುತ್ತಿದ ಒಂದು ಬೆತ್ತದ ಬುಟ್ಟಿ ಇತ್ತು. ಒಳಗೆ ಒಂದು ಡಬ್ಬದ ತುಂಬ ಮೂರು ಮೂಲೆಯ ಬಿಸ್ಕತ್ತು, ಸೀಲು ತೆಗೆಯದ ದ್ರಾಕ್ಷಿ ರಸದ ಪುಟ್ಟ ಬಾಟಲಿ, ಒಂದು ಲಕೋಟೆ. ಲಕೋಟೆಯ ಮೇಲೆ ಓದಲು ಬಾರದ ಲಿಪಿಯಲ್ಲಿ ನಾಲ್ಕು ಅಕ್ಷರಗಳಿದ್ದವು. ಬುಟ್ಟಿಯ ಹಿಡಿಗೆ ಅಂಟಿಸಿದ ಚೀಟಿಯಲ್ಲಿ ಕಳಿಸಿದವರ ವಿಳಾಸವಿತ್ತು: ಸ್ಯಾಮ್ ಆಡ್ಲರ್, ಇದೇ ಸ್ಯಾನ್ ಮಟಿಯೋ, ಹತ್ತು ನಿಮಿಷದ ದಾರಿ.

ಶೇಷಗಿರಿಯವರ ಅತ್ತೆ, ಅಂದರೆ ಇಂದು ಅವರ ತಾಯಿ ವೆಂಕಟಮ್ಮನವರು ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಅವರು ಒಂದು ಬಿಸ್ಕತ್ತು ಮುರಿದು, ಕನ್ನಡಕ ಮೇಲೆತ್ತಿ ನೋಡಿ ತೀರ್ಪು ಕೊಟ್ಟರು.

"ಒಳಗಡೆ ಗಸಗಸೆ ಹೂರಣ ಕಣೇ. ಕರ್ಜಿಕಾಯಿ ಮಾಡಕ್ಕೆ ಹೋಗಿದಾರೆ, ಪೂರ್ತಿ ಮಡಚಕ್ಕೆ ಬಂದಿಲ್ಲ. ಪಾಪ, ಗಂಡಸರು ಮಾಡಿರ್ಬೇಕು."

ಅಷ್ಟರಲ್ಲಿ ಶೇಷಗಿರಿಯವರು ಮೀಟಿಂಗು ಮುಗಿಸಿ ಬಂದು ಲಕೋಟೆ ತೆರೆದರು. ಒಳಗಿನ ಕಾಗದದಲ್ಲಿ ನಡುಗುವ ಕೈಯಿಂದ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದಿತ್ತು. 'ನನ್ನ ಕಾರು ಎಳೆಸಿದ್ದು ನಿಯಮದ ಪ್ರಕಾರ ಸರಿಯೇ. ಹಟ ಮಾಡಿದವನು ನಾನು. ಇನ್ನು ಕೋಪ ಬೇಡ. ಸ್ಯಾಮ್.'

ಶೇಷಗಿರಿಯವರು ಅದನ್ನು ಎರಡು ಸಲ ಓದಿದರು. ಕುರ್ಚಿಯ ಮೇಲೆ ಕೂತರು. ಹನ್ನೊಂದು ಕಾರುಗಳನ್ನು ಎಳೆಸಿದ ಮನುಷ್ಯನಿಗೆ ಹನ್ನೊಂದು ಜನರ ಶಾಪ ಬಿಟ್ಟರೆ ಅಲ್ಲಿಯವರೆಗೆ ಏನೂ ಸಿಕ್ಕಿರಲಿಲ್ಲ. (ಒಂದು ಶಾಪಕ್ಕೆ ನಾನೇ ಜವಾಬ್ದಾರ.) ಈಗ ಯಾರೋ ಒಬ್ಬ, ತಪ್ಪು ಒಪ್ಪಿಕೊಂಡು, ಕೈಯಾರೆ ತಿಂಡಿ ಮಾಡಿ, ಜಿರಾಫೆಯ ಕೈಯಲ್ಲಿ ಕಳಿಸಿದ್ದಾನೆ.

"ನೋಡು ಇಂದೂ," ಎಂದರು ಕಾಗದ ಎತ್ತಿ ತೋರಿಸುತ್ತ, "ಇದಕ್ಕೇ ನಾನು ಹೇಳ್ತಿದ್ದಿದ್ದು. ನ್ಯಾಯವಾಗಿ ನಡಕೊಂಡ್ರೆ ಇವತ್ತಲ್ಲ ನಾಳೆ ಜನ ಗುರುತಿಸ್ತಾರೆ."

"ಜಿರಾಫೆ ಯಾಕೆ ಬಂತು?"

"ಇಲ್ಲಿ ಹಂಗೇನೆ. ದೊಡ್ಡ ವಿಷ್ಯ ಇದ್ರೆ ವೇಷ ಹಾಕ್ಕೊಂಡು ಬರ್ತಾರೆ" ಎಂದರು ಶೇಷಗಿರಿಯವರು. ಗೊತ್ತಿಲ್ಲ ಎಂಬ ಮಾತನ್ನು ಅವರು ಅಮೆರಿಕಕ್ಕೆ ಬರುವಾಗಲೇ ವಿಮಾನ ನಿಲ್ದಾಣದಲ್ಲಿ ಬಿಟ್ಟು ಬಂದಿದ್ದರು.

ಮಧ್ಯಾಹ್ನದ ಹೊತ್ತಿಗೆ ಮೂವರೂ ಸೇರಿ ಬಿಸ್ಕತ್ತುಗಳಲ್ಲಿ ಮುಕ್ಕಾಲು ಪಾಲು ತಿಂದರು. ಆಮೇಲೆ ವೆಂಕಟಮ್ಮನವರು ಬುಟ್ಟಿಯನ್ನು ಎತ್ತಿ ನೋಡಿ, ಚೆನ್ನಾಗಿರೋ ಬುಟ್ಟಿ, ವಾಪಸ್ಸು ಕೊಡಬೇಕು ಎಂದರು. ಇಲ್ಲಿ ಬುಟ್ಟಿ ವಾಪಸ್ಸು ಕೊಡುವ ಪದ್ಧತಿ ಇಲ್ಲಮ್ಮ ಎಂದರು ಇಂದು.

"ಯಾವ ಊರಾದ್ರೇನೇ? ಬಂದ ಪಾತ್ರೆ ಇಟ್ಕೋಬಾರ್ದು, ಖಾಲೀನೂ ಕಳಿಸ್ಬಾರ್ದು."

ವೆಂಕಟಮ್ಮನವರು ಭಾನುವಾರವಷ್ಟೇ ಕರಿದಿಟ್ಟ ಕೋಡುಬಳೆಗಳನ್ನು ಬುಟ್ಟಿಗೆ ತುಂಬಿದರು. ಬರಿ ಖಾರ ಕೊಡಬಾರದೆಂದು ಒಂದು ಅಚ್ಚು ಬೆಲ್ಲ ಇಟ್ಟರು. ಮಂಗಳಕ್ಕೆಂದು ಜುಟ್ಟಿನ ಸಮೇತ ಒಂದು ತೆಂಗಿನಕಾಯಿ ಇಟ್ಟರು. ಶೇಷಗಿರಿಯವರು ತಮ್ಮ ಪಾಲಿಗೆ ಒಂದು ಉತ್ತರ ಬರೆದರು. ಕ್ಷಮೆಯೂ ಇರಬೇಕು, ಕಟ್ಟುನಿಟ್ಟೂ ಸಡಿಲವಾಗಬಾರದು ಎಂದು ಮೂರು ಸಲ ತಿದ್ದಿದರು. ಕೊನೆಗೆ ಇಂಗ್ಲಿಷಿನಲ್ಲಿ ಹೀಗೆ ನಿಂತಿತು: 'ನಿಮ್ಮ ಪಶ್ಚಾತ್ತಾಪವನ್ನು ಗಮನಿಸಲಾಗಿದೆ. ಆದರೂ ನಿಯಮ ನಿಯಮವೇ. ಇನ್ನೊಮ್ಮೆ ಹಾಗೆ ನಿಲ್ಲಿಸಿದರೆ ಇನ್ನೊಮ್ಮೆ ಎಳೆಸಲಾಗುವುದು. ಅಧ್ಯಕ್ಷ, ಪಾರ್ಕಿಂಗ್ ಸಮಿತಿ, ಮನೆ ನಂಬರ್ ಹದಿನಾಲ್ಕು.' ಹೆಸರು ಹಾಕಲಿಲ್ಲ. ಪದವಿ ಇದ್ದಾಗ ಹೆಸರು ಯಾಕೆ ಎನ್ನುವುದು ಅವರ ವಾದ.

ಒಂದು ಗಂಟೆಗೆ ಅವರೇ ಹೋಗಿ ಸ್ಯಾಮ್ ಆಡ್ಲರ್ ಮನೆಯ ಗಂಟೆ ಒತ್ತಿದರು. ಯಾರೂ ಬರಲಿಲ್ಲ. ಬುಟ್ಟಿಯನ್ನು ಬಾಗಿಲಲ್ಲಿಟ್ಟು ಹಿಂದಿರುಗುವಾಗ ಅಧ್ಯಕ್ಷರ ಕಣ್ಣು ಸುಮ್ಮನಿರಲಿಲ್ಲ. ಮನೆಯ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇ ಗುಡಿಸಿ ಖಾಲಿ ಬಿದ್ದಿತ್ತು. ಮನೆಯವರ ಕಾರು, ಹಳೆಯದೊಂದು ನೀಲಿ ಕಾರು, ರಸ್ತೆಯ ಪಕ್ಕದಲ್ಲಿ ಬಿಸಿಲಲ್ಲಿ ನಿಂತಿತ್ತು. ಸ್ವಂತ ಜಾಗ ಖಾಲಿ ಬಿಟ್ಟು ಬೀದಿಯಲ್ಲಿ ಕಾರು ನಿಲ್ಲಿಸುವವನಿಗೆ ಬುದ್ಧಿ ಬರುವುದು ನಿಧಾನ ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದರು.

ಮೂರೂವರೆಗೆ ಜಿರಾಫೆ ಮತ್ತೆ ಬಂತು.

ಈ ಸಲ ಗಂಟೆ ಒತ್ತಲಿಲ್ಲ, ಬಾಗಿಲು ಬಡಿಯಿತು. ಶೇಷಗಿರಿಯವರು ಬಾಗಿಲು ತೆರೆದರು. ಎದುರಿಗೆ ಐವತ್ತು ದಾಟಿದ ಹೆಂಗಸು, ಮೈತುಂಬ ಕಂದು ಮಚ್ಚೆಯ ಹಳದಿ ಬಟ್ಟೆ, ತಲೆಯ ಮೇಲೆ ಒಂದೂವರೆ ಅಡಿಯ ಕತ್ತು, ಕತ್ತಿನ ತುದಿಯಲ್ಲಿ ನಗುವ ಜಿರಾಫೆಯ ಮುಖ. ಕೆಳಗಿನ ಮುಖ ಮಾತ್ರ ನಗುತ್ತಿರಲಿಲ್ಲ. ಕೈಯಲ್ಲಿ ವೆಂಕಟಮ್ಮನವರ ಕೋಡುಬಳೆಯ ಬುಟ್ಟಿ.

ಅವರ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನನಗೆ ಬಂದ ಹಾಗೆ ಕನ್ನಡದಲ್ಲಿ ಕೊಡುತ್ತೇನೆ.

"ಹರ್ಷೆಲ್ ಎಲ್ಲಿ? ಕರೀರಿ ಹೊರಗೆ. ನಾನು ಡೀನಾ, ಸ್ಯಾಮ್ ಆಡ್ಲರ್ ಮಗಳು. ಅವರಿಗೆ ಎರಡು ಮಾತು ಹೇಳಿ ಹೋಗ್ತೀನಿ."

"ಹರ್ಷೆಲ್ ಇಲ್ಲಿಲ್ಲ. ಮನೆ ನಾವು ತಗೊಂಡು ಹದಿನಾಲ್ಕು ತಿಂಗಳಾಯ್ತು."

ಡೀನಾ ಅವರನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ಜೇಬಿನಿಂದ ಕಾಗದ ತೆಗೆದು, "ಹಾಗಾದರೆ ಇದನ್ನು ಬರೆದವರು ಯಾರು?" ಎಂದಳು.

ಶೇಷಗಿರಿಯವರು ತಮ್ಮದೇ ಕೈಬರಹವನ್ನು ಗುರುತು ಹಿಡಿಯದವರ ಹಾಗೆ ಸ್ವಲ್ಪ ಹೊತ್ತು ನೋಡಿ, "ಸಮಿತಿ" ಎಂದರು.

ಇಂದು ಆಕೆಯನ್ನು ಒಳಗೆ ಕರೆದು ನೀರು ತಂದರು. ಡೀನಾ ಬಾಗಿಲಿನ ಎತ್ತರಕ್ಕೆ ಕತ್ತು ಬಗ್ಗಿಸಿ ಒಳಗೆ ಬಂದು, ಕೂತು, ನಿಧಾನವಾಗಿ ಎಲ್ಲವನ್ನೂ ಹೇಳಿದಳು.

ಅವತ್ತು ಯಹೂದಿಗಳಿಗೆ ಪೂರಿಮ್ ಹಬ್ಬ. ಹಬ್ಬಕ್ಕೆ ವೇಷ ಹಾಕುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಪ್ರತಿಯೊಬ್ಬರೂ ತಮ್ಮವರಲ್ಲಿ ಒಬ್ಬ ಸ್ನೇಹಿತನಿಗಾದರೂ ತಿಂಡಿ ಕಳಿಸಬೇಕು. ಎರಡು ಬಗೆ ಇರಬೇಕು, ಬಂದ ಹಾಗೇ ತಿನ್ನುವಂತಿರಬೇಕು, ಹಬ್ಬದ ದಿನ ಹಗಲಲ್ಲೇ, ಸೂರ್ಯ ಮುಳುಗುವ ಮೊದಲೇ ಮುಟ್ಟಬೇಕು. ಸ್ಯಾಮ್ ಮತ್ತು ಹರ್ಷೆಲ್ ನಲವತ್ತು ವರ್ಷ ಒಬ್ಬರಿಗೊಬ್ಬರು ಕಳಿಸಿಕೊಂಡವರು. ಆರು ವರ್ಷದ ಹಿಂದೆ ಸ್ಯಾಮ್ ಇದೇ ಮನೆಗೆ ಬಂದಿದ್ದಾಗ, ಅತಿಥಿಗಳ ಜಾಗದಲ್ಲಿ ಹೊತ್ತು ಮೀರಿ ನಿಂತ ಅವರ ನೀಲಿ ಕಾರನ್ನು ಹರ್ಷೆಲ್ ಎಳೆಸಿದರು. ಅಂದಿನಿಂದ ಮಾತು ನಿಂತಿತು, ಬುಟ್ಟಿಯೂ ನಿಂತಿತು. ಹರ್ಷೆಲ್ ಮನೆ ಮಾರಿದ್ದೂ ಇವರಿಗೆ ತಿಳಿದಿಲ್ಲ. ಲಕೋಟೆಯ ಮೇಲಿನ ನಾಲ್ಕು ಅಕ್ಷರ ಹೀಬ್ರೂವಿನಲ್ಲಿ ಬರೆದ ಹರ್ಷೆಲ್ ಅವರ ಹೆಸರು.

"ಅಪ್ಪನಿಗೆ ಎಂಬತ್ನಾಲ್ಕು. ಗುರುವಾರ ಹೃದಯದ ಆಪರೇಷನ್ನು. ಹೋಗೋ ಮುಂಚೆ ಇದೊಂದು ಸರಿಮಾಡ್ಕೋಬೇಕು ಅಂತ ನಿನ್ನೆ ಇಡೀ ದಿನ ಅವರೇ ನಿಂತು ಬಿಸ್ಕತ್ತು ಮಾಡಿದರು. ಮಧ್ಯಾಹ್ನ ಅವರದೇ ಬುಟ್ಟಿ ಬಾಗಿಲಿಗೆ ವಾಪಸ್ಸು ಬಂದಿತ್ತು. ಒಳಗೆ ಈ ಕಾಗದ. ಆ ಬಳೆ ಒಂದನ್ನ ಕಚ್ಚಿ ನೋಡಿದರು. ಹರ್ಷೆಲ್ ಆರು ವರ್ಷದ ಸಿಟ್ಟನ್ನೆಲ್ಲ ಹಿಟ್ಟಲ್ಲಿ ಕಲಸಿ ಕರಿದಿದ್ದಾನೆ ಅಂದರು. ಆಮೇಲೆ ಮಾತೇ ಆಡಿಲ್ಲ."

ಶೇಷಗಿರಿಯವರ ಮುಖ ಹುಳ್ಳಗಾಯಿತು. ಎದ್ದು ಹೋಗಿ ಆ ಫೈಲು ತಂದು ಮೇಜಿನ ಮೇಲೆ ತೆರೆದರು. ಪಟ್ಟಿಯ ಕೊನೆಯ ಸಾಲಿನ ನೀಲಿ ಕಾರಿನ ನಂಬರಿನ ಮೇಲೆ ಬೆರಳಿಟ್ಟರು. ಡೀನಾ ತಲೆಯಾಡಿಸಿದಳು. ಅದರ ಕೆಳಗೆ ಅರ್ಧ ಪುಟ ಖಾಲಿ ಇತ್ತು, ಆಮೇಲೆ ಶೇಷಗಿರಿಯವರ ಅಕ್ಷರ ಶುರುವಾಗುತ್ತಿತ್ತು. ಸೋಮಾರಿತನದ ಅರ್ಧ ಪುಟವನ್ನು ಅವರು ಬಹಳ ಹೊತ್ತು ನೋಡಿದರು.

ಡೀನಾ ತಂದೆಗೆ ಫೋನು ಮಾಡಿ, ಬರೆದವರು ಹರ್ಷೆಲ್ ಅಲ್ಲ ಎಂದು ಹೇಳಿದಳು. ಆ ಕಡೆಯಿಂದ ಮುದುಕರ ದನಿ ಬಂತು.

"ಹಾಗಾದರೆ ಅವನು ಇನ್ನೂ ಏನೂ ಹೇಳಿಲ್ಲ."

"ಇಲ್ಲಪ್ಪ."

"ಹೊತ್ತು ಮುಳುಗೋದು ಆರು ಗಂಟೆಗೆ" ಎಂದರು ಸ್ಯಾಮ್. ಫೋನು ಇಟ್ಟರು.

ಹರ್ಷೆಲ್ ಅವರ ಫೋನ್ ನಂಬರು ಶೇಷಗಿರಿಯವರ ಹತ್ತಿರ ಇರಲಿಲ್ಲ. ವಿಳಾಸ ಇತ್ತು. ತಪ್ಪಿ ಇಲ್ಲಿಗೆ ಬರುವ ಅವರ ಟಪಾಲನ್ನು ತಿಂಗಳಿಗೊಮ್ಮೆ ಕಳಿಸಿಕೊಡುವ ಶಿಸ್ತನ್ನು ಅವರು ಬಿಟ್ಟಿರಲಿಲ್ಲ. "ನಡೀರಿ, ನಾನೇ ಕರಕೊಂಡು ಹೋಗ್ತೀನಿ" ಎಂದರು. ಅವರು ಒಂದು ಕೆಲಸವನ್ನು ಸಮಿತಿಯ ಹೆಸರು ಹೇಳದೆ ಮಾಡಿದ್ದು ಅದೇ ಮೊದಲು.

ಆದರೆ ಬುಟ್ಟಿಗೆ ಏನು ಹಾಕುವುದು? ಬಿಸ್ಕತ್ತು ನಾಲ್ಕೇ ಉಳಿದಿದ್ದವು. ದ್ರಾಕ್ಷಿ ರಸ ಏನಾಯಿತೆಂದು ಇಂದು ಕೇಳಿದರು. ಊಟ ಆದ ಮೇಲೆ ಬಾಯಿ ಒಣಗಿತ್ತು ಎಂದರು ಶೇಷಗಿರಿಯವರು. ಎರಡು ಬಗೆಯಲ್ಲಿ ಒಂದು ಕಡಿಮೆಯಾಯಿತು. ಕೋಡುಬಳೆ ಇದೆಯಲ್ಲ ಎಂದು ಅವರು ಕೈ ಹಾಕಿದರೆ ಡೀನಾ ಸಂಕೋಚದಿಂದ ತಡೆದಳು. ಹರ್ಷೆಲ್ ಬಹಳ ನಿಷ್ಠೆಯವರು, ತಮ್ಮ ನಿಯಮ ಪಾಲಿಸದವರ ಒಲೆಯ ಮೇಲೆ ಬೇಯಿಸಿದ್ದು, ಕರಿದದ್ದು ಏನನ್ನೂ ಮುಟ್ಟುವುದಿಲ್ಲ, ಪಾತ್ರೆಗೂ ನಿಯಮ ಇದೆ, ದಯವಿಟ್ಟು ತಪ್ಪು ತಿಳಿಯಬೇಡಿ ಎಂದಳು.

ಇಂದು ಇದನ್ನು ತಾಯಿಗೆ ಹೇಳುವ ಬಗೆ ತಿಳಿಯದೆ ಕಷ್ಟಪಟ್ಟರು. ಕೊಟ್ಟ ಕೋಡುಬಳೆ ಮನೆಗೆ ವಾಪಸ್ಸು ಬಂದದ್ದಕ್ಕೇ ವೆಂಕಟಮ್ಮನವರು ಮುಖ ಊದಿಸಿಕೊಂಡು ಕೂತಿದ್ದರು. ವಿಷಯ ಕೇಳಿದ ಮೇಲೆ ಅವರ ಮುಖ ಅರಳಿತು.

"ಅಯ್ಯೋ, ಮಡಿಯವ್ರು ಅಂತ ಮೊದ್ಲೇ ಹೇಳ್ಬಾರ್ದೇನೇ? ನಮ್ಮತ್ತೆ ಮೂವತ್ತು ವರ್ಷ ನನ್ನ ಕೈಯಲ್ಲಿ ನೀರು ಇಸ್ಕೊಂಡಿಲ್ಲ. ನನಗೇನು ಗೊತ್ತಾಗಲ್ವಾ?" ಎಂದು ಎದ್ದರು. "ಬೇಯಿಸಿದ್ದು ಬೇಡ. ಹಣ್ಣಿಗೆ ಮೈಲಿಗೆ ಇಲ್ಲ. ಸಿಪ್ಪೆ ಇರೋ ಹಣ್ಣು ಯಾರ ಮನೇದಾದ್ರೂ ನಡೆಯತ್ತೆ. ಕೇಳು ಅವಳನ್ನ."

ಇಂದು ಕೇಳಿದರು. ಡೀನಾ ಆಶ್ಚರ್ಯದಿಂದ, ನಡೆಯುತ್ತದೆ ಎಂದಳು. ವೆಂಕಟಮ್ಮನವರು ಬುಟ್ಟಿಯಿಂದ ಕೋಡುಬಳೆ, ಬೆಲ್ಲ ತೆಗೆದು, ನಾಲ್ಕು ಬಿಸ್ಕತ್ತಿನ ಡಬ್ಬ, ಸ್ಯಾಮ್ ಅವರ ಲಕೋಟೆ, ಪಕ್ಕದಲ್ಲಿ ಒಂದು ಚಿಪ್ಪು ಬಾಳೆಹಣ್ಣು ಇಟ್ಟರು. ತೆಂಗಿನಕಾಯಿ ಇದ್ದಲ್ಲೇ ಇತ್ತು. ಅದಕ್ಕೂ ಮೈಲಿಗೆ ಇಲ್ಲ ಎಂದರು. ಆಮೇಲೆ ಸೆರಗು ಹೊದ್ದು, ಸ್ವೆಟರು ಹಾಕಿ, ಬುಟ್ಟಿ ಎತ್ತಿಕೊಂಡು ತಾವೇ ಕಾರಿನಲ್ಲಿ ಕೂತರು. ಅಳಿಯಂದಿರ ಕೈಗೆ ಇನ್ನೊಂದು ಸಲ ಬುಟ್ಟಿ ಕೊಡುವ ಧೈರ್ಯ ಅವರಿಗೆ ಇರಲಿಲ್ಲ.

ಆ ಪ್ರಯಾಣವನ್ನು ನಾನು ವಿಸ್ತರಿಸುವುದಿಲ್ಲ. ಸಂಜೆ ನಾಲ್ಕು ಗಂಟೆಗೆ ಸ್ಯಾನ್ ಮಟಿಯೋ ಸೇತುವೆ ಹತ್ತಿದವರ ಕಷ್ಟ ಹತ್ತಿದವರಿಗೇ ಗೊತ್ತು. ಹಿಂದಿನ ಸೀಟಿನಲ್ಲಿ ಜಿರಾಫೆಯ ಕತ್ತು ಕಾರಿನ ಮಾಡಿಗೆ ತಾಗಿ ಮುರಿದು, ಮುಖ ವೆಂಕಟಮ್ಮನವರ ಹೆಗಲ ಮೇಲೆ ಒರಗಿತ್ತು. ಅವರು ಅದನ್ನು ತಳ್ಳಲಿಲ್ಲ. ಪಕ್ಕದ ಲೇನಿನವರೆಲ್ಲ ಫೋಟೋ ತೆಗೆದರು. ಸೂರ್ಯ ಬೆನ್ನ ಹಿಂದೆ ಇಳಿಯುತ್ತಿದ್ದ. ಡೀನಾ ಐದು ನಿಮಿಷಕ್ಕೊಮ್ಮೆ ತಿರುಗಿ ನೋಡುತ್ತಿದ್ದಳು.

"ಅಳಿಯಂದ್ರೇ, ಸ್ವಲ್ಪ ಜೋರಾಗಿ ಓಡ್ಸಿ."

"ಅತ್ತೆ, ಇಲ್ಲಿ ಗಂಟೆಗೆ ಅರವತ್ತೈದು ಮೈಲಿ ಮೇಲೆ ಹೋಗೋ ಹಾಗಿಲ್ಲ."

"ನಾವು ಈಗ ಎಷ್ಟರಲ್ಲಿ ಹೋಗ್ತಿದೀವಿ?"

"ಹನ್ನೊಂದು."

ವಾಲ್ನಟ್ ಕ್ರೀಕಿನ ಆ ಬಡಾವಣೆಯ ಗೇಟು ತಲುಪುವಾಗ ಐದೂ ನಲವತ್ತು. ಗೇಟಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಸಮವಸ್ತ್ರದ ಕಾವಲುಗಾರನೊಬ್ಬ ಕೂತಿದ್ದ. ಸೀರೆಯುಟ್ಟ ಮುದುಕಿ, ಕತ್ತು ಮುರಿದ ಜಿರಾಫೆ, ಬೆವತ ಒಬ್ಬ ಗಂಡಸು, ಜುಟ್ಟಿನ ತೆಂಗಿನಕಾಯಿ, ಇಷ್ಟನ್ನೂ ಅವನು ಸಮಾಧಾನವಾಗಿ ನೋಡಿದ. ಹರ್ಷೆಲ್ ಕಾಪ್ಲನ್ ಅವರ ಮನೆಗೆ ಫೋನು ಮಾಡಿದ. ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ.

"ನಿವಾಸಿಗಳು ಹ್ಞೂಂ ಅನ್ನದೆ ಕಾರು ಒಳಗೆ ಬಿಡೋ ಹಾಗಿಲ್ಲ ಸರ್. ನಡಕೊಂಡು ಹೋಗಬಹುದು. ಕಾರನ್ನ ಹೊರಗೆ ನಿಲ್ಲಿಸಿ ಬನ್ನಿ. ಪಾರ್ಕಿಂಗ್ ಮುಕ್ಕಾಲು ಮೈಲಿ ಕೆಳಗಿದೆ."

"ಇವತ್ತೊಂದು ದಿನ," ಎಂದರು ಶೇಷಗಿರಿಯವರು, "ಹತ್ತೇ ನಿಮಿಷ. ನಮ್ಮ ಅತ್ತೆಗೆ ಮೊಣಕಾಲು ನೋವು. ಸೂರ್ಯ ಮುಳುಗ್ತಾ ಇದಾನೆ."

"ನನಗೂ ಕಾಣಿಸ್ತಿದೆ ಸರ್. ಆದ್ರೆ ನಿಯಮ ನಿಯಮವೇ."

ಅವನು ಅದನ್ನು ಬೈಗುಳದ ಹಾಗೆ ಹೇಳಲಿಲ್ಲ. ಮರ್ಯಾದೆಯಿಂದ, ಕೆಲಸದ ಮೇಲಿನ ನಿಷ್ಠೆಯಿಂದ, ಶೇಷಗಿರಿಯವರು ಹೇಳುವ ಹಾಗೆಯೇ ಹೇಳಿದ. ಅವರು ಎರಡು ಕ್ಷಣ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಆಮೇಲೆ ಕಾರನ್ನು ಹಿಂದಕ್ಕೆ ತೆಗೆದು, ಗೇಟಿನ ಪಕ್ಕದಲ್ಲೇ ಕೆಂಪು ಬಣ್ಣ ಬಳಿದ ಅಂಚಿನ ಉದ್ದಕ್ಕೆ ನಿಲ್ಲಿಸಿದರು. ಅಗ್ನಿಶಾಮಕದವರಿಗೆ ಮೀಸಲಾದ ಜಾಗ. ಒಂದು ನಿಮಿಷವೂ ನಿಲ್ಲಿಸಬಾರದ ಜಾಗ.

ಕಾವಲುಗಾರ ಕೋಣೆಯಿಂದ ಹೊರಗೆ ಬಂದ. "ಸರ್, ಅಲ್ಲಿ ನಿಲ್ಲಿಸಿದರೆ ಎಳಕೊಂಡು ಹೋಗ್ತಾರೆ. ನಾನೇ ಫೋನ್ ಮಾಡ್ಬೇಕಾಗತ್ತೆ."

"ಗೊತ್ತು. ನಿಮ್ಮ ಕೆಲಸ ನೀವು ಮಾಡಿ" ಎಂದರು ಶೇಷಗಿರಿಯವರು. ಅತ್ತೆಯ ಕೈ ಹಿಡಿದು ಇಳಿಸಿದರು.

ನನ್ನ ಕಾರು ಎಳೆಸಿದ ಮನುಷ್ಯನ ಬಗ್ಗೆ ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ. ಆದರೂ ನಡೆದದ್ದು ನಡೆದ ಹಾಗೆ ಬರೆಯಬೇಕು.

ಇಳಿಜಾರಿನ ದಾರಿಯಲ್ಲಿ ಮೂವರೂ ನಡೆದರು. ಬುಟ್ಟಿ ಡೀನಾಳ ಕೈಯಲ್ಲಿತ್ತು. ಹಬ್ಬದ ಬುಟ್ಟಿ ಅವರವರಿಂದಲೇ ಹೋಗಲಿ ಎಂದು ವೆಂಕಟಮ್ಮನವರೇ ಕೊಟ್ಟಿದ್ದರು. ಎದುರಿಗೆ ಸಿಕ್ಕ ಮುದುಕ ಮುದುಕಿಯರು ನಿಂತು ದಾರಿ ಬಿಟ್ಟರು. ಹರ್ಷೆಲ್ ಅವರ ಬಾಗಿಲು ತಟ್ಟಿದಾಗ ಐದೂ ಐವತ್ತೈದು. ಮೂರು ಸಲ ತಟ್ಟಬೇಕಾಯಿತು. ಕಿವಿಯ ಯಂತ್ರ ತೆಗೆದಿಟ್ಟು ಮಲಗಿದ್ದ ಆ ಸಣಕಲು ಮುದುಕರು, ಅದನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಲೇ ಬಾಗಿಲು ತೆರೆದರು. ಮೊದಲು ಅವರಿಗೆ ಕಂಡದ್ದು ಶೇಷಗಿರಿಯವರು.

"ಹದಿನಾಲ್ಕನೇ ನಂಬರು. ಏನಾಯ್ತು, ಮಾಡು ಸೋರ್ತಿದೆಯಾ?"

ಶೇಷಗಿರಿಯವರು ಪಕ್ಕಕ್ಕೆ ಸರಿದರು. ಡೀನಾ ಜಿರಾಫೆಯ ತಲೆ ತೆಗೆದಳು.

"ಡೀನಾ," ಎಂದರು ಹರ್ಷೆಲ್. ಆಮೇಲೆ ಬಾಗಿಲನ್ನು ಹಿಡಿದುಕೊಂಡು ಕೇಳಿದರು, "ಸ್ಯಾಮ್ ಇದ್ದಾನಾ?"

"ಇದ್ದಾರೆ. ಇದು ಅವರು ಕಳಿಸಿದ್ದು."

ಹರ್ಷೆಲ್ ಬುಟ್ಟಿಯನ್ನು ತಕ್ಷಣ ತೆಗೆದುಕೊಳ್ಳಲಿಲ್ಲ. ಮೊದಲು ಕಾಗದ ಓದಿದರು. ಆರು ವರ್ಷದ ಹಿಂದಿನದೆಲ್ಲ ಆ ಮೂರು ಸಾಲಿನಲ್ಲಿ ಇದೆಯೇ ಎಂದು ನೋಡುವವರ ಹಾಗೆ ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದರು. ಮತ್ತೆ ಮಾತಾಡಿದ್ದು ಶೇಷಗಿರಿಯವರ ಕಡೆ ತಿರುಗಿ.

"ಫೈಲು ನಿಮ್ಮ ಹತ್ತಿರ ಇದೆಯಲ್ಲ. ಆ ಕಾರು ಯಾರದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಎಳೆಸಿದೆ. ನನ್ನ ಸ್ನೇಹಿತನಾದರೂ ಬಿಡಲ್ಲ ಅಂತ ಇಪ್ಪತ್ತಾರು ಮನೆಗೂ ತೋರಿಸಬೇಕಿತ್ತು. ಅವತ್ತು ನನ್ನ ಹೆಂಡತಿಗೆ ಜ್ವರ. ಅವನು ಸೂಪು ಮಾಡಿಕೊಂಡು ಬಂದಿದ್ದ. ಅವಳು ಕುಡಿದು ಮುಗಿಸಲಿ ಅಂತ ಕೂತಿದ್ದ. ಅದಕ್ಕೇ ಹೊತ್ತಾಯ್ತು."

ಶೇಷಗಿರಿಯವರು ನೆಲ ನೋಡಿದರು. ಸತ್ಯನಾರಾಯಣ ಪೂಜೆಯ ಐದನೇ ಅಧ್ಯಾಯ ಅವರಿಗೆ ಆಗ ನೆನಪಾಯಿತಂತೆ. ಇದನ್ನು ಅವರೇ ಆಮೇಲೆ ನನಗೆ ಹೇಳಿದರು.

ವೆಂಕಟಮ್ಮನವರಿಗೆ ಇಂಗ್ಲಿಷು ತಿಳಿಯದು. ಕಿಟಕಿಯ ಆಚೆ ಬೆಳಕು ಹೋಗುತ್ತಿರುವುದು ತಿಳಿಯಿತು. "ಮಾತು ಆಮೇಲಾಡ್ಲಿ, ಮೊದ್ಲು ಇಸ್ಕೊಳ್ಳೋಕೆ ಹೇಳಿ" ಎಂದರು. ಶೇಷಗಿರಿಯವರು ಅದನ್ನು ಹಾಗೇ ಇಂಗ್ಲಿಷಿಗೆ ತಂದರು. ಹರ್ಷೆಲ್ ಎರಡೂ ಕೈ ಚಾಚಿ ಬುಟ್ಟಿ ತೆಗೆದುಕೊಂಡರು. ಆಮೇಲೆ ಹಳೆಯ ಅಭ್ಯಾಸ ಬಿಡದೆ ಒಳಗೆ ಎಣಿಸಿದರು: ಬಿಸ್ಕತ್ತು ಒಂದು ಬಗೆ, ಬಾಳೆಹಣ್ಣು ಎರಡನೆಯದು. ತೆಂಗಿನಕಾಯಿಯ ಜುಟ್ಟು ಹಿಡಿದು ಎತ್ತಿ, ಇದು ಯಾವ ಲೆಕ್ಕಕ್ಕೆ ಎಂದು ಕೇಳಿದರು. ಅದು ನಮ್ಮ ಕಡೆಯಿಂದ ಎಂದರು ಶೇಷಗಿರಿಯವರು. ನಾಲ್ಕರಲ್ಲಿ ಒಂದು ಬಿಸ್ಕತ್ತನ್ನು ಹರ್ಷೆಲ್ ಅಲ್ಲೇ ನಿಂತು ತಿಂದರು. ಸಕ್ಕರೆ ಜಾಸ್ತಿ ಹಾಕಿದ್ದಾನೆ, ಯಾವಾಗಲೂ ಹಾಗೆಯೇ ಎಂದರು. ಕಣ್ಣು ಒರೆಸಿಕೊಂಡು ಕೋಟು ಹುಡುಕಲು ಒಳಗೆ ಹೋದರು.

"ನನ್ನನ್ನ ಅವನ ಹತ್ತಿರ ಕರಕೊಂಡು ಹೋಗಿ. ನಿಮ್ಮ ಕಾರು ಎಲ್ಲಿದೆ?"

ಕೆಂಪು ಅಂಚಿನ ಪಕ್ಕ ಏನೂ ಇರಲಿಲ್ಲ. ಟೋ ಲಾರಿಯವರು ಹದಿನೇಳೇ ನಿಮಿಷದಲ್ಲಿ ಬಂದು ಎಳೆದುಕೊಂಡು ಹೋಗಿದ್ದರಂತೆ. ಕಾವಲುಗಾರ ತಲೆ ತಗ್ಗಿಸಿ ಕೂತಿದ್ದ.

ನನಗೆ ಫೋನು ಬಂದದ್ದು ಆಗ. ನಾನು ಚಹಾ ಕುಡಿಯುತ್ತಿದ್ದೆ.

"ಸುರೇಶ್ ಅವ್ರೇ, ಒಂದು ವಿಷ್ಯ ಕೇಳ್ಬೇಕಿತ್ತು," ಎಂದರು ಶೇಷಗಿರಿಯವರು. "ನಿಮ್ಮ ಕಾರು ಎಳೆದಿದ್ರಲ್ಲ. ಕಾರು ಎಲ್ಲಿದೆ ಅಂತ ತಿಳ್ಕೊಳ್ಳೋಕೆ ಆವಾಗ ನೀವು ಯಾವ ನಂಬರಿಗೆ ಫೋನ್ ಮಾಡಿದ್ರಿ?"

ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಇಷ್ಟು ದಿನ ನಾನು ಕಾದಿದ್ದು ಇದೊಂದು ಫೋನಿಗೆ. ಕಾರು ಎಳೆದರೆ ಪೊಲೀಸರ ಯಾವ ನಂಬರಿಗೆ ಕರೆಯಬೇಕು, ಯಾವ ಗುಂಡಿ ಒತ್ತಬೇಕು, ಎಲ್ಲ ನನಗೆ ಬಾಯಿಪಾಠವಾಗಿತ್ತು. ಒಂದೊಂದೇ ಅಂಕಿಯನ್ನು, ಬಿಡಿಸಿ ಬಿಡಿಸಿ, ಎರಡು ಸಲ ಹೇಳಿದೆ. ನಾನು ಅಷ್ಟು ಸುಖವಾಗಿ ಏನನ್ನೂ ಹೇಳಿದ್ದು ನೆನಪಿಲ್ಲ. ಆದರೆ ಅವರು ಬರೆದುಕೊಳ್ಳುತ್ತಿರಲಿಲ್ಲ ಎಂದು ದನಿಯಿಂದಲೇ ತಿಳಿಯಿತು. ಆಮೇಲೆ ಅವರು ಎಲ್ಲವನ್ನೂ ಹೇಳಿದರು. ಹರ್ಷೆಲ್ ಅವರಿಗೆ ಕತ್ತಲಾದ ಮೇಲೆ ಕಣ್ಣು ಕಾಣದು, ಅವರ ಕಾರನ್ನೇ ಓಡಿಸಿಕೊಂಡು ಸ್ಯಾಮ್ ಮನೆಗೆ ಬರುತ್ತಿದ್ದೇವೆ, ಅಲ್ಲಿಂದ ನಮ್ಮತ್ತೆಯನ್ನೂ ನನ್ನನ್ನೂ ಮನೆಗೆ ಬಿಡುತ್ತೀರಾ ಎಂದು ಕೇಳಿದರು. ನಾನು ಚಹಾ ಅರ್ಧಕ್ಕೆ ಬಿಟ್ಟು ಹೊರಟೆ.

ಏಳೂ ಇಪ್ಪತ್ತಕ್ಕೆ ಅವರು ಬಂದಾಗ ನಾನು ಸ್ಯಾಮ್ ಮನೆಯ ಎದುರು ರಸ್ತೆಯಲ್ಲಿ, ಸರಿಯಾದ ಜಾಗದಲ್ಲಿ, ಕಾರು ನಿಲ್ಲಿಸಿ ಕಾಯುತ್ತಿದ್ದೆ. ಶೇಷಗಿರಿಯವರು ಹರ್ಷೆಲ್ ಅವರ ಉದ್ದನೆಯ ಹಳೆಯ ಕಾರನ್ನು ನಿಧಾನ ಮಾಡಿ, ನಿಲ್ಲಿಸುವುದಕ್ಕೆ ರಸ್ತೆಯ ಪಕ್ಕ ಜಾಗ ಹುಡುಕಿದರು. ಜಾಗವಿರಲಿಲ್ಲ. ನೀಲಿ ಕಾರು ಮಧ್ಯಾಹ್ನ ಇದ್ದಲ್ಲೇ ಇತ್ತು.

"ಡ್ರೈವ್‌ವೇಲಿ ನಿಲ್ಲಿಸಿ," ಎಂದಳು ಡೀನಾ.

"ಅದು ಮನೆಯವರ ಜಾಗ. ಕೇಳದೆ ಹೆಂಗೆ?"

"ಆರು ವರ್ಷದಿಂದ ಅಪ್ಪ ಅಲ್ಲಿ ತಮ್ಮ ಕಾರು ನಿಲ್ಲಿಸಿಲ್ಲ. ನಮ್ಮನ್ನೂ ಬಿಡಲ್ಲ. ಹರ್ಷೆಲ್ ಬಂದರೆ ಜಾಗ ಬೇಕಲ್ಲ ಅಂತಾರೆ."

ಮುಂದಿನ ಸೀಟಿನಲ್ಲಿದ್ದ ಹರ್ಷೆಲ್ ತಮ್ಮ ಸೀಟು ಬೆಲ್ಟು ಬಿಚ್ಚಿಕೊಂಡರು. ಶೇಷಗಿರಿಯವರು ಕಾರನ್ನು ತಿರುಗಿಸಿ ಒಳಗೆ ತಂದರು. ಮನೆಯ ಬಾಗಿಲು ಆಗಲೇ ತೆರೆದಿತ್ತು. ಬೆಳಕಿನಲ್ಲಿ ದಪ್ಪ ಸ್ವೆಟರಿನ ಒಬ್ಬ ಮುದುಕರು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಹರ್ಷೆಲ್ ಬುಟ್ಟಿಯ ಸಮೇತ ಇಳಿದು ಅವರ ಕಡೆ ನಡೆದರು. ಬುಟ್ಟಿಯಲ್ಲಿ ತಾವು ಹಣ್ಣು ತುಂಬಿಸಿಕೊಂಡು ಬಂದಿದ್ದರು. ಖಾಲಿ ತರಬಾರದು ಎಂದು ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಇಬ್ಬರೂ ಎದುರೆದುರು ನಿಂತರು. ಏನು ಮಾತಾಡಿದರು ಎಂದು ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳಬೇಕು ಎಂದೂ ಅನಿಸಲಿಲ್ಲ. ವೆಂಕಟಮ್ಮನವರು ನನ್ನ ಪಕ್ಕ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡರು.

ಎಲ್ಲರೂ ಒಳಗೆ ಹೋದ ಮೇಲೆ ಶೇಷಗಿರಿಯವರು ಹರ್ಷೆಲ್ ಅವರ ಕಾರಿನ ಬಾಗಿಲು ಹಾಕಿ, ಅಭ್ಯಾಸದಂತೆ ಒಂದು ಸುತ್ತು ಬಂದು ನೋಡಿದರು. ಕಾರು ಉದ್ದವಾಗಿತ್ತು. ಹಿಂಭಾಗ ಒಂದು ಅಡಿ ಫುಟ್‌ಪಾತಿನ ಮೇಲೆ ಚಾಚಿಕೊಂಡಿತ್ತು. ಅದು ತಪ್ಪು. ಅದರ ನಿಯಮದ ಸಂಖ್ಯೆಯೂ ಅವರಿಗೆ ಗೊತ್ತು.

ಅವರು ಅದನ್ನು ನೋಡಿದರು. ನಾನು ಅವರನ್ನು ನೋಡಿದೆ. "ಬನ್ನಿ ಸುರೇಶ್ ಅವ್ರೇ" ಎಂದು ನನ್ನ ಹೆಗಲ ಮೇಲೆ ಕೈಯಿಟ್ಟು, ಒಳಗೆ ಕರೆದುಕೊಂಡು ಹೋದರು.